ಬಟ್ಟೆ ಒಣಗುವ ಊರು

ಯಾರ ಮನೆಗೆ ಹೋದರೂ ಅವರು ಬಟ್ಟೆ ಒಣಹಾಕುವ ಜಾಗ ಎಲ್ಲಿದೆ ಎಂದು ಹುಡುಕುವುದು ನನ್ನ ಚಾಳಿ. ಮೊನ್ನೆ ನಾಗರಬಾವಿಯಲ್ಲಿ ನೆಂಟರೊಬ್ಬರ ಗೃಹಪ್ರವೇಶವಿತ್ತು. ಬಂದವರೆಲ್ಲ ನುಣುಪು ನೆಲವನ್ನೂ ತೇಗದ ಬಾಗಿಲನ್ನೂ ಹೊಗಳುತ್ತ ನಿಂತಿದ್ದಾಗ ನಾನು ಮೆಲ್ಲಗೆ ಹಿತ್ತಲಿಗೆ ಜಾರಿ, ಹಗ್ಗದ ಮೇಲಿದ್ದ ಟವೆಲ್ಲಿನ ಅಂಚನ್ನು ಎರಡು ಬೆರಳಲ್ಲಿ ಒತ್ತಿ ನೋಡುತ್ತಿದ್ದೆ. ಮನೆಯ ಸೊಸೆ ಕಂಡುಬಿಟ್ಟಳು.

"ಕೈ ಒರೆಸ್ಕೋಬೇಕಿತ್ತಾ ಆಂಟಿ? ಇರಿ, ಬೇರೆ ಟವೆಲ್ ಕೊಡ್ತೀನಿ."

"ಇಲ್ಲಮ್ಮ, ಒಣಗಿದ್ಯಾ ಅಂತ ನೋಡ್ದೆ."

ಆಕೆ ನನ್ನನ್ನೊಮ್ಮೆ ಟವೆಲ್ಲನ್ನೊಮ್ಮೆ ನೋಡಿ, ಪಾಪ ವಯಸ್ಸಾಯಿತು ಎಂದುಕೊಂಡಿರಬೇಕು, ಕೈಹಿಡಿದು ಊಟದ ಎಲೆಯವರೆಗೂ ನಡೆಸಿಕೊಂಡು ಹೋದಳು. ವಯಸ್ಸಿಗೂ ಇದಕ್ಕೂ ಸಂಬಂಧವಿಲ್ಲವೆಂದು ಅವಳಿಗೆ ಹೇಳುತ್ತ ಕೂತರೆ ಹೋಳಿಗೆ ಆರುತ್ತಿತ್ತು. ನಿಮಗಾದರೆ ಹೇಳಬಹುದು, ನಿಮ್ಮ ಎಲೆಯಲ್ಲೇನೂ ಆರುತ್ತಿಲ್ಲ.

ಈ ಚಾಳಿ ಅಂಟಿದ್ದು ಕೆಂಗೇರಿಯಲ್ಲಿ. ನಾನು ಚಿಕ್ಕವಳಿದ್ದಾಗ ಕೆಂಗೇರಿ ಇನ್ನೂ ಬೆಂಗಳೂರಿಗೆ ಸೇರಿರಲಿಲ್ಲ. "ಬೆಂಗಳೂರಿಗೆ ಹೋಗಿ ಬರ್ತೀವಿ" ಎಂದು ಅಕ್ಕಪಕ್ಕದವರಿಗೆಲ್ಲ ಹೇಳಿ, ಹೂ ಮುಡಿದು ಬಸ್ಸು ಹತ್ತುತ್ತಿದ್ದೆವು. ನಾವು ಐದು ಜನ ಮಕ್ಕಳು, ಒಬ್ಬೊಬ್ಬರಿಗೆ ಸ್ಕೂಲಿನದು ಒಂದೇ ಜೊತೆ ಬಟ್ಟೆ. ಸಂಜೆ ಒಗೆದದ್ದು ಬೆಳಗ್ಗೆ ಒಣಗಿರಬೇಕು. ಆಷಾಢದಲ್ಲಿ ಅದೆಲ್ಲಿ ಒಣಗುತ್ತದೆ? ಅಮ್ಮ ಹಿತ್ತಾಳೆ ಚೊಂಬಿಗೆ ಕೆಂಡ ತುಂಬಿ ಲಂಗದ ಮೇಲೆ ಉಜ್ಜುತ್ತಿದ್ದಳು. ಮೇಲೆಲ್ಲ ಬಿಸಿ, ಸೊಂಟದ ನೆರಿಗೆಯಲ್ಲಿ ಮಾತ್ರ ಹಸಿ ಹಾಗೇ ಇರುತ್ತಿತ್ತು. ಅದನ್ನು ತೊಟ್ಟು ಕ್ಲಾಸಿನಲ್ಲಿ ಕೂತರೆ, ಎದ್ದಾಗ ಬೆಂಚಿನ ಮೇಲೆ ದುಂಡಗೆ ಒದ್ದೆ ಗುರುತು. ಹುಡುಗರು ನಗುತ್ತಿದ್ದರು. ಅಂದಿನಿಂದ ಬಟ್ಟೆ ಕಂಡಲ್ಲೆಲ್ಲ ನನ್ನ ಬೆರಳು ತಾನಾಗಿ ಅಂಚಿಗೆ ಹೋಗುತ್ತದೆ.

ಮದುವೆಯಾಗಿ ಬಂದದ್ದು ರಾಜಾಜಿನಗರಕ್ಕೆ. ಒಂದೇ ಕಾಂಪೌಂಡಿನೊಳಗೆ ನಾಲ್ಕು ಬಾಡಿಗೆ ಮನೆಗಳ ವಠಾರ, ಅದರಲ್ಲಿ ನಮ್ಮದು ಪೂರ್ವದ ಬಾಗಿಲಿನದು. ಈ ಬಾಗಿಲಿಗಾಗಿ ನಮ್ಮತ್ತೆ ಕಾಮಾಕ್ಷಿಪಾಳ್ಯದಿಂದ ಮಾರೇನಹಳ್ಳಿಯವರೆಗೆ ಕಂಡ ಮನೆಗಳನ್ನೆಲ್ಲ ಬೇಡವೆಂದಿದ್ದರಂತೆ. ದಕ್ಷಿಣಕ್ಕೆ ಬಾಗಿಲಿದ್ದರೆ ಒಳಗೆ ಕಾಲೇ ಇಡುತ್ತಿರಲಿಲ್ಲ. ಬೀದಿಯಲ್ಲೇ ನಿಂತು "ಯಮನ ದಿಕ್ಕು" ಎಂದು ತಿರುಗಿ ನಡೆಯುತ್ತಿದ್ದರು. ನಮ್ಮ ವಠಾರದಲ್ಲೇ ಕೊನೆಯ ಮನೆಯ ಶಾರದಮ್ಮನವರ ಬಾಗಿಲು ದಕ್ಷಿಣಕ್ಕಿತ್ತು. ಐದಾರು ವರ್ಷದ ನೆರೆ, ದಿನಕ್ಕೆ ಹತ್ತು ಸಲ ಮಾತು, ಆದರೂ ಅತ್ತೆ ಅವರ ಹೊಸಿಲು ದಾಟಿದವರಲ್ಲ. ಗೌರಿಹಬ್ಬದ ಅರಿಸಿನ ಕುಂಕುಮವನ್ನೂ ನಲ್ಲಿಯ ಹತ್ತಿರ ನಿಂತು ತೆಗೆದುಕೊಳ್ಳುತ್ತಿದ್ದರು.

ಬಾಗಿಲೇನೋ ಪೂರ್ವಕ್ಕಿತ್ತು, ಆದರೆ ಎದುರಿನ ಸೈಟಿನವರು ಎರಡಂತಸ್ತಿನ ಮನೆ ಎಬ್ಬಿಸಿ ಸೂರ್ಯನನ್ನು ಪೂರ್ತಿ ತಮ್ಮ ಕಡೆಗೇ ಇಟ್ಟುಕೊಂಡಿದ್ದರು. ನಮ್ಮ ಮಲಗುವ ಕೋಣೆಯ ಗೋಡೆಗೆ ಮುಕ್ಕಾಲು ವರ್ಷ ಬೂಷ್ಟು. ನಾನು ಸುಣ್ಣ ಬಳಿದ ಹದಿನೈದು ದಿನಕ್ಕೆ ಅದು ಮತ್ತೆ ಏಳುತ್ತಿತ್ತು. ಆ ಗೋಡೆಯ ಪಕ್ಕ ಮಲಗುತ್ತಿದ್ದ ನಮ್ಮ ಮಗ ರವಿಗೆ ಎರಡು ತುಂಬುವಷ್ಟರಲ್ಲಿ ಉಬ್ಬಸ ಶುರುವಾಯಿತು. ಐದನೇ ವರ್ಷಕ್ಕೂ ಹತ್ತು ಹೆಜ್ಜೆ ಓಡಿದರೆ ಎದೆಯಲ್ಲಿ ಪೀಪಿ ಊದಿದ ಸದ್ದು. ಬೀದಿಯ ಮಕ್ಕಳು ಲಗೋರಿ ಆಡುವಾಗ ಅವನು ಮೆಟ್ಟಿಲ ಮೇಲೆ ಕೂತು ಯಾರು ಔಟು, ಯಾರು ಅಲ್ಲ ಎಂದು ತೀರ್ಪು ಹೇಳುತ್ತಿದ್ದ. ಎಲ್ಲರೂ ಅವನ ಮಾತು ಕೇಳುತ್ತಿದ್ದರು. "ನನ್ನ ಮೊಮ್ಮಗ ಜಡ್ಜ್ ಆಗ್ತಾನೆ ನೋಡು" ಎಂದು ಅತ್ತೆ ಹಿಗ್ಗುತ್ತಿದ್ದರು. ಅವನು ಓಡಿ ಔಟಾಗಲಿ ದೇವರೇ ಎಂದು ನಾನು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ.

ಇದೆಲ್ಲ ಎಂಬತ್ತರ ದಶಕದ ಮಾತು. ಒಂದು ದೀಪಾವಳಿ ಕಳೆದ ವಾರ ನಮ್ಮವರು ಪೀಣ್ಯದಿಂದ ಒಂದು ಆರ್ಡರು ಹಿಡಿದು ಬಂದರು. ಅವರ ಕಾರ್ಖಾನೆಯಲ್ಲಿ ಕೋಲ್ಡ್ ಸ್ಟೋರೇಜಿನ ಯಂತ್ರಗಳು ತಯಾರಾಗುತ್ತಿದ್ದವು. ಹಿಮಾಚಲದ ಬೆಟ್ಟಗಳಲ್ಲಿ, ಒಂದೇ ಬಸ್ಸಿನ ದಾರಿಯಲ್ಲಿದ್ದ ಮೂರು ಊರುಗಳಿಗೆ ಸೇಬು ಇಡುವ ಇಂಥ ಯಂತ್ರಗಳು ಹೋಗಿದ್ದವು. ಅವುಗಳ ಉಸ್ತುವಾರಿಗೆ ಇವರು ಏಪ್ರಿಲ್‌ನಿಂದ ಮೂರು ವರ್ಷ ಅಲ್ಲಿರಬೇಕು.

"ಹಿಮ ಬೀಳೋ ಊರಲ್ಲಿ ಕೋಲ್ಡ್ ಸ್ಟೋರೇಜ್ ಯಾಕ್ರೀ? ಹೊರಗಿಟ್ರೆ ಸಾಲ್ದಾ?" ಎಂದೆ.

"ಸೇಬು ಕೀಳೋದು ಮಳೆಗಾಲದಲ್ಲಿ ಕಣೇ" ಎಂದು ಅವರು ವಿವರಿಸತೊಡಗಿದರು. ಯಂತ್ರದ ಮಾತು ಬಂದರೆ ಇವರಿಗೆ ಹೊತ್ತು ಹೋದದ್ದು ತಿಳಿಯುವುದಿಲ್ಲ. ನಾನು ಕಾಗದ ಕಿತ್ತುಕೊಂಡು ಓದಿದೆ. ಮೂರರಲ್ಲಿ ಯಾವ ಊರಿನಲ್ಲಾದರೂ ಸಂಸಾರ ಹೂಡಬಹುದು. ಊರಿನ ಹೆಸರನ್ನು ಸಂಕ್ರಾಂತಿಯ ಹೊತ್ತಿಗೆ ಫಾರಂನಲ್ಲಿ ಬರೆದು ಕೊಡಬೇಕು. ಕೊಡದಿದ್ದರೆ ಒಬ್ಬನೇ ಬರುತ್ತಾನೆಂದು ತಿಳಿದು ಯಂತ್ರದ ಪಕ್ಕದ ಒಂಟಿ ಕೊಠಡಿಗೆ ಹಾಕುತ್ತಾರೆ. ಜೊತೆಗೆ ಹೊರಟಿದ್ದ ಲಗ್ಗೆರೆಯ ಇಬ್ಬರು ಆಗಲೇ ಹೆಂಡತಿ ಮಕ್ಕಳನ್ನು ಇಲ್ಲೇ ಬಿಡುವುದಾಗಿ ಬರೆದು ಕೊಟ್ಟಿದ್ದರು.

"ನೀನೊಬ್ನೇ ಹೋಗಿ ಬಾರೋ" ಎಂದರು ಅತ್ತೆ. "ಇಲ್ಲೇ ಈ ಮಗು ಉಸಿರಿಗೆ ಒದ್ದಾಡುತ್ತೆ. ಅಲ್ಲಿ ಮಂಜುಗಡ್ಡೆ ಮೇಲೆ ಕೂರಿಸ್ತೀಯಾ?"

"ಹೋದ್ರೆ ಎಲ್ರೂ ಹೋಗೋದು ಅತ್ತೆ" ಎಂದೆ.

ನನಗೇ ಆಶ್ಚರ್ಯವಾಗುವಷ್ಟು ಗಟ್ಟಿಯಾಗಿ ಬಂತು ಮಾತು. ಮಗಳು ಲತಾಗೆ ಆಗ ಒಂದೂವರೆ ವರ್ಷ. ಮೂರು ವರ್ಷ ಬಿಟ್ಟು ಬಂದ ಅಪ್ಪನನ್ನು ಕಂಡು ಅವಳು ನನ್ನ ಸೆರಗಿನ ಹಿಂದೆ ಅಡಗಿಕೊಳ್ಳುವುದು ನನಗೆ ಬೇಡವಾಗಿತ್ತು. ರವಿಯ ಉಸಿರೂ ನೆಟ್ಟಗಿರಬೇಕಿತ್ತು. ಎರಡೂ ಆಗುವ ಊರು ಆ ಮೂರರಲ್ಲಿ ಇರಲೇಬೇಕು ಎಂದು ಪಟ್ಟು ಹಿಡಿದೆ. ಇರಲೇಬೇಕೆಂದು ಯಾವ ನಿಯಮವೂ ಇರಲಿಲ್ಲ ಎನ್ನುವುದು ಈಗ ಹೊಳೆಯುತ್ತದೆ.

ಊರುಗಳ ಹೆಸರು ನಮ್ಮ ಯಾರ ನಾಲಗೆಗೂ ಹೊರಳುತ್ತಿರಲಿಲ್ಲ. ಅತ್ತೆ ಅವಕ್ಕೆ ಮೇಲೂರು, ನಡೂರು, ಕೆಳೂರು ಎಂದು ನಾಮಕರಣ ಮಾಡಿದರು. ನಮ್ಮವರು ರವಿಯ ಸ್ಲೇಟಿನ ಮೇಲೆ ಬೆಟ್ಟ ಬರೆದು, ಬುಡದಲ್ಲಿ ಹೊಳೆಯ ದಂಡೆಗೆ ಕೆಳೂರನ್ನೂ, ತುದಿಯ ಹತ್ತಿರ ಮೇಲೂರನ್ನೂ ಗುರುತು ಮಾಡಿದರು. "ಮೇಲೆ ಹೋದಷ್ಟೂ ಚಳಿ. ಮಗು ಇರೋದ್ರಿಂದ ಕೆಳೂರೇ ಸರಿ" ಎಂದರು. ವಠಾರವೆಲ್ಲ ಹೌದೆಂದಿತು. ನಾನೂ ಹೌದೆಂದೆ. ಬೆಂಗಳೂರಿನವರಿಗೆ ಚಳಿ ಎಂದರೆ ಮಫ್ಲರು, ಅದಕ್ಕಿಂತ ಹೆಚ್ಚಿನದೇನೂ ನಮಗೆ ಗೊತ್ತಿರಲಿಲ್ಲ.

ಆದರೂ ಕಾಣದ ಊರಿಗೆ ಹೂಂ ಎನ್ನಲು ಮನಸ್ಸು ಒಪ್ಪಲಿಲ್ಲ. ಆಗ ಅಂಚೆ ಕಚೇರಿಯಲ್ಲಿ ಜೋಡಿ ಕಾರ್ಡು ಸಿಗುತ್ತಿತ್ತು. ಒಂದರಲ್ಲಿ ನಾವು ಬರೆಯುವುದು, ಅಂಟಿಕೊಂಡಿದ್ದ ಇನ್ನೊಂದರಲ್ಲಿ ಅವರು ಉತ್ತರ ಬರೆದು ಹರಿದು ಹಾಕುವುದು. ಮೂರು ಜೋಡಿ ತಂದೆ. ಮೂರೂ ಊರಿನ ಪೋಸ್ಟ್ ಮಾಸ್ಟರಿಗೆ ಬರೆಯುವುದೆಂದಾಯಿತು. ಹುಡುಗಿಯಾಗಿದ್ದಾಗ ನಾನು ಮೇಲಿಂದ ಮೇಲೆ ಹಿಂದಿ ಪರೀಕ್ಷೆಗೆ ಕಟ್ಟಿ ಪಾಸು ಮಾಡಿದ್ದೆ. ಆ ಹಿಂದಿಯನ್ನು ಹಿಂದಿಯವರ ಮೇಲೆ ಪ್ರಯೋಗಿಸುವ ಅವಕಾಶ ಅಲ್ಲಿಯವರೆಗೆ ಬಂದಿರಲಿಲ್ಲ.

ಏನೇನು ಕೇಳಬೇಕೆಂದು ಮನೆಯಲ್ಲಿ ಸಭೆ ಕೂತಿತು. ನಲ್ಲಿಯಲ್ಲಿ ನೀರು ಎಷ್ಟು ಗಂಟೆಗೆ ಬರುತ್ತದೆ ಎಂದು ನಾನು. ಅಕ್ಕಿ ಸಿಗುತ್ತದೆಯೇ, ಡಾಕ್ಟರು ಇದ್ದಾರೆಯೇ ಎಂದು ನಮ್ಮವರು. ಪೂರ್ವದ ಬಾಗಿಲಿನ ಮನೆ ಖಾಲಿ ಇದೆಯೇ, ರಾಮದೇವರ ಗುಡಿ ಎಷ್ಟು ದೂರ ಎಂದು ಅತ್ತೆ. ಚಳಿ ಎಷ್ಟು ಎಂದು ಕೇಳುವುದು ಯಾರಿಗೂ ನೆನಪಾಗಲಿಲ್ಲ, ನೋಡಿ. ನಾವು ಹಿಮಾಲಯಕ್ಕೆ ಕಳಿಸುತ್ತಿದ್ದದ್ದು ಅಪ್ಪಟ ರಾಜಾಜಿನಗರದ ಪ್ರಶ್ನೆಗಳನ್ನು. ಎಲ್ಲ ಮುಗಿದ ಮೇಲೆ ಕಾರ್ಡಿನ ಅಂಚಿನಲ್ಲಿ ಒಂದೆಳೆ ಜಾಗ ಉಳಿದಿತ್ತು. ಲತಾಳ ಒದ್ದೆ ಬಟ್ಟೆಗಳ ರಾಶಿ ಕಣ್ಣೆದುರಿಗಿತ್ತು. ಸಣ್ಣಕ್ಷರದಲ್ಲಿ ತುರುಕಿದೆ: ಒಗೆದ ಬಟ್ಟೆ ಒಣಗಲು ಎಷ್ಟು ಹೊತ್ತು ಬೇಕು?

"ಮರ್ಯಾದೆ ತೆಗೀತೀಯಲ್ಲೇ" ಎಂದು ನಮ್ಮವರು ತಲೆ ಚಚ್ಚಿಕೊಂಡರು. "ಅಷ್ಟು ದೊಡ್ಡ ಆಫೀಸರ್ ನಿನ್ನ ಬಟ್ಟೆ ವಿಚಾರ ಬರೀತಾನಾ?"

ಉತ್ತರ ಕಾಯುತ್ತ ನಾನು ಉಣ್ಣೆ ಹೆಣೆಯುವುದು ಕಲಿತೆ. ಕಲಿಸಿದವರು ಶಾರದಮ್ಮ. ನಾನು ಹೆಣೆದ ಮೊದಲ ಸ್ವೆಟರಿನ ಒಂದು ತೋಳು ರವಿಗೆ, ಇನ್ನೊಂದು ಅವನಪ್ಪನಿಗೆ ಸರಿಹೋಗುತ್ತಿತ್ತು. "ಅಲ್ಲಿ ಮಕ್ಕಳಿಗೂ ಸ್ಪೂನಲ್ಲಿ ಬ್ರಾಂದಿ ಕುಡಿಸ್ತಾರಂತೆ ಕಣ್ರೀ" ಎಂದು ಶಾರದಮ್ಮ ಒಂದು ದಿನ ಪಿಸುಗುಟ್ಟಿದರು. ಅತ್ತೆಯ ಕಿವಿಗೆ ಅದು ಬೀಳದ ಹಾಗೆ ನಾನು ಪಟ್ಟ ಪಾಡು ಬೇಡ.

ಮೂರು ವಾರದ ಮೇಲೆ ಒಂದೊಂದಾಗಿ ಕಾರ್ಡು ಬಂದವು. ನಡೂರಿನವರು "ಬನ್ನಿ, ಎಲ್ಲ ಇದೆ" ಎಂದಷ್ಟೇ ಬರೆದು ಮೊಹರು ಒತ್ತಿದ್ದರು. ಅವರನ್ನು ಬದಿಗಿಟ್ಟೆವು. ಕೆಳೂರಿನವರು ಪ್ರತಿ ಪ್ರಶ್ನೆಗೂ ಮುದ್ದಾಗಿ ಉತ್ತರಿಸಿದ್ದರು. ನೀರು ಇಡೀ ದಿನ ಬರುತ್ತದೆ, ಅಕ್ಕಿ ಧಾರಾಳ, ಡಾಕ್ಟರಿದ್ದಾರೆ, ಪೂರ್ವದ ಬಾಗಿಲಿನ ಮನೆಯೂ ಇದೆ, ಹಿಮ ಬೀಳುವುದಿಲ್ಲ. ಅತ್ತೆ ಕಾರ್ಡನ್ನು ಕಣ್ಣಿಗೊತ್ತಿಕೊಂಡು ದೇವರ ಮುಂದಿಟ್ಟರು. ನಮ್ಮವರು ಪೆನ್ನು ತೆಗೆದರು. ನಾನು ದೇವರ ಮುಂದಿನಿಂದ ಕಾರ್ಡೆತ್ತಿ ಕೊನೆಯ ಸಾಲು ಓದಿದೆ. "ಚಳಿಗಾಲದಲ್ಲಿ ಬಿಸಿಲು ಹನ್ನೊಂದಕ್ಕೆ ಬಂದು ಎರಡಕ್ಕೆ ಹೋಗುತ್ತದೆ, ಎರಡೂ ಕಡೆ ಬೆಟ್ಟ. ಬಟ್ಟೆ ಮೂರು ನಾಲ್ಕು ದಿನಕ್ಕೆ ಒಣಗುತ್ತದೆ. ನಾವು ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸುತ್ತೇವೆ."

ನನಗೆ ನಮ್ಮ ಮಲಗುವ ಕೋಣೆಯ ಗೋಡೆ ನೆನಪಾಯಿತು. "ಪೆನ್ನು ಒಳಗಿಡಿ" ಎಂದೆ.

ಮೇಲೂರಿನ ಕಾರ್ಡು ನಾಲ್ಕು ದಿನ ತಡವಾಗಿ ಬಂತು. ಅಕ್ಷರ ಕಾಗೆ ಕಾಲು. ಜನವರಿ ಫೆಬ್ರವರಿಯಲ್ಲಿ ಹಿಮ ಬೀಳುತ್ತದೆ. ಕೆಲವು ದಿನ ಬಸ್ಸಿಲ್ಲ. ಅಕ್ಕಿಯನ್ನು ಕೆಳಗಿನಿಂದ ತಂದಿಟ್ಟುಕೊಳ್ಳಬೇಕು. ನೀರು ಹಗಲೆಲ್ಲ ಬರುತ್ತದೆ, ನಲ್ಲಿಯೊಳಗೆ ಗಟ್ಟಿಯಾದ ದಿನ ಬರುವುದಿಲ್ಲ. ಕಾಂಪೌಂಡರಿದ್ದಾರೆ, ಡಾಕ್ಟರು ವಾರಕ್ಕೆರಡು ದಿನ. ಅತ್ತೆ ಒಂದೊಂದಕ್ಕೂ "ಅಯ್ಯೋ" ಎನ್ನುತ್ತಿದ್ದರು. ಆಮೇಲೆ ಬಂತು: "ನಮ್ಮ ಊರು ಬೆಟ್ಟದ ದಕ್ಷಿಣದ ಮೈಯಲ್ಲಿದೆ. ಬಿಸಿಲು ಬೆಳಗ್ಗೆಯಿಂದ ಸಂಜೆಯವರೆಗೆ ಇರುತ್ತದೆ. ಬಟ್ಟೆ ಮೊದಲು ಹಲಗೆಯಂತೆ ಸೆಟೆಯುತ್ತದೆ, ಸಂಜೆಗೆ ಒಣಗಿರುತ್ತದೆ. ಒಂದು ಮನೆ ಖಾಲಿ ಇದೆ. ಪೂರ್ವದ ಬಾಗಿಲು ಸಿಗುವುದಿಲ್ಲ. ಇಲ್ಲಿ ಎಲ್ಲ ಬಾಗಿಲೂ ದಕ್ಷಿಣಕ್ಕೇ."

ಅತ್ತೆ "ಅಯ್ಯೋ" ಎನ್ನುವುದನ್ನೂ ಮರೆತರು.

ಮಾರನೆಯ ದಿನ ನಾನು ಎರಡೂ ಕಾರ್ಡು ಹಿಡಿದು, ರವಿಯನ್ನು ಕರೆದುಕೊಂಡು, ಅವನನ್ನು ಮೊದಲಿನಿಂದ ನೋಡುತ್ತಿದ್ದ ಬಸವೇಶ್ವರನಗರದ ಡಾಕ್ಟರ ಹತ್ತಿರ ಹೋದೆ. ಅವರಿಗೆ ಹಿಂದಿ ಬಾರದು. ನಾನು ಓದಿ ಕನ್ನಡದಲ್ಲಿ ಹೇಳಿದೆ. ಕಣ್ಣು ಮುಚ್ಚಿಕೊಂಡು ಕೇಳಿದರು.

"ಚಳೀಗೆ ಬಟ್ಟೆ ಹಾಕ್ಬಹುದಮ್ಮ, ತೇವಕ್ಕೆ ಏನ್ ಹಾಕ್ತೀರಾ?" ಎಂದರು. "ಎಲ್ಲಾ ಮಕ್ಳಿಗೂ ಹೀಗೇ ಅಂತ ಹೇಳಲ್ಲ. ಈ ಹುಡುಗನ್ನ ಮೂರು ವರ್ಷದಿಂದ ನೋಡ್ತಿದೀನಿ, ಇವನಿಗೆ ಆಗದೇ ಇರೋದು ಆ ಬೂಷ್ಟು. ನಾನಾಗಿದ್ರೆ ಮೇಲಿನ ಊರಿಗೆ ಹೋಗ್ತಿದ್ದೆ. ಗ್ಯಾರಂಟಿ ಮಾತ್ರ ಕೇಳ್ಬೇಡಿ."

ಗ್ಯಾರಂಟಿ ಯಾರು ಕೇಳಿದರು? ನನಗೆ ಅಷ್ಟು ಸಾಕಿತ್ತು. ನಮ್ಮವರು ಡಾಕ್ಟರ ಮಾತು ಕೇಳಿ ಅರ್ಧ ಒಪ್ಪಿದರು. ಅತ್ತೆ ಪೂರಾ ನಿಂತುಬಿಟ್ಟರು. "ಹಿಮಾನೂ ಆಗ್ಲಿ, ಕಾಂಪೌಂಡರೂ ಆಗ್ಲಿ. ಯಮನ ದಿಕ್ಕಿನ ಬಾಗಿಲಲ್ಲಿ ನನ್ನ ಮೊಮ್ಮಗನ್ನ ಓಡಾಡ್ಸೋಕೆ ಬಿಡಲ್ಲ. ಅವನನ್ನ ನನ್ನ ಹತ್ರ ಬಿಟ್ಟು ನೀವು ಹೋಗಿ" ಎಂದರು. ಗಂಡನನ್ನು ಬಿಡುವುದರ ಬದಲು ಈಗ ಮಗನನ್ನೇ ಬಿಡುವ ಮಾತು. ಕೋಪದಲ್ಲಿ ಏನಾದರೂ ಅಂದುಬಿಡುತ್ತೇನೆಂದು ಹೆದರಿ ಹೋಗಿ ಬಟ್ಟೆ ಒಗೆಯಲು ಕೂತೆ. ಒಗೆಯುತ್ತ ಒಗೆಯುತ್ತ ಉಪಾಯ ಹೊಳೆಯಿತು.

ಅದು ಧನುರ್ಮಾಸ. ಅತ್ತೆ ಬೆಳಗಾಗುವ ಮುಂಚೆಯೇ ಗುಡಿಗೆ ಹೋಗಿ ಹುಗ್ಗಿ ಪ್ರಸಾದ ತರುತ್ತಿದ್ದರು. ಮರುದಿನ ಅವರು ಬರುವುದರೊಳಗೆ ನಮ್ಮವರ ಹಳೆಯ ಪಂಚೆಯೊಂದನ್ನು ಸಮನಾಗಿ ನಾಲ್ಕು ತುಂಡು ಮಾಡಿ, ಒಂದೇ ಬಕೆಟ್ಟಿನಲ್ಲಿ ಅದ್ದಿ, ಒಂದೇ ಸಮ ಹಿಂಡಿದೆ. ಒಂದನ್ನು ನಮ್ಮ ಪೂರ್ವದ ಬಾಗಿಲಿಗೆ ಕಟ್ಟಿದೆ. ಒಂದನ್ನು ಪಡುವಲಲ್ಲಿ ಒಗೆಯುವ ಕಲ್ಲಿನ ಹತ್ತಿರ, ಒಂದನ್ನು ಬಚ್ಚಲುಮನೆಗಳ ಹಿಂದೆ ಉತ್ತರದ ಗೋಡೆಗೆ, ಇನ್ನೊಂದನ್ನು ಶಾರದಮ್ಮನವರ ಬಾಗಿಲ ಮುಂದೆ. ಕೆಲಸಕ್ಕೆ ಹೊರಟ ವಠಾರದ ಗಂಡಸರು ಒಬ್ಬೊಬ್ಬರೂ ಅದನ್ನು ನೋಡಿ, ನಮ್ಮವರನ್ನು ನೋಡಿ, ಏನೂ ಕೇಳದೆ ಸೈಕಲ್ ಹತ್ತಿದರು. ನಮ್ಮವರೂ ಏನೂ ಹೇಳದೆ ಬೇಗನೆ ಪೀಣ್ಯಕ್ಕೆ ಹೊರಟುಹೋದರು.

ಹನ್ನೊಂದು ಗಂಟೆಗೆ ಅತ್ತೆಯನ್ನು ಕರೆದೆ. "ಒಂದೊಂದೂ ಮುಟ್ಟಿ ನೋಡಿ ಅತ್ತೆ. ನಾನೇನೂ ಹೇಳಲ್ಲ."

ಪೂರ್ವದ್ದನ್ನು ಮುಟ್ಟಿದರು, ಎದುರು ಮನೆಯ ನೆರಳಲ್ಲಿ ಅದು ಇನ್ನೂ ತಣ್ಣಗಿತ್ತು. ಪಡುವಲಿನದೂ ಹಸಿ. ಉತ್ತರದ್ದು ಹಿಂಡಿದಾಗ ಇದ್ದಷ್ಟೇ ಒದ್ದೆ. ಶಾರದಮ್ಮನವರ ಮನೆಯ ಹತ್ತಿರ ಬಂದಾಗ ನಿಂತರು. ಹಗ್ಗ ಇದ್ದದ್ದು ಹೊಸಿಲಿನ ಮೇಲೆಯೇ, ಮೆಟ್ಟಿಲು ಹತ್ತದೆ ಕೈಗೆ ಎಟುಕುವಂತಿರಲಿಲ್ಲ. ಒಳಗಿನಿಂದ ಶಾರದಮ್ಮ ನೋಡುತ್ತಿದ್ದರು, ಕರೆಯಲಿಲ್ಲ. ಅತ್ತೆ ರವಿಯತ್ತ ತಿರುಗಿದರು. ಅವನು ಆ ಬಿಸಿಲಿನ ಮೆಟ್ಟಿಲ ಮೇಲೆ ಕೂತು ಕೆಮ್ಮುತ್ತಿದ್ದ. ಅವನ ತಲೆಯ ಮೇಲೆ ಕೈ ಊರಿಕೊಂಡು ಒಂದು ಮೆಟ್ಟಿಲು, ಇನ್ನೊಂದು ಮೆಟ್ಟಿಲು ಹತ್ತಿದರು. ಬಟ್ಟೆಯನ್ನು ಹಿಡಿದು ಕೆನ್ನೆಗೆ ಒತ್ತಿಕೊಂಡರು. ಗರಿಗರಿಯಾಗಿ ಒಣಗಿತ್ತು. ಕಣ್ಣಿಗೆ ಕೈ ಅಡ್ಡ ಹಿಡಿದು ಸೂರ್ಯನತ್ತ ನೋಡಿದರು.

"ಈಗ ದಕ್ಷಿಣಾಯನ ಅಲ್ವೇನೇ" ಎಂದರು ಕೊನೆಗೆ. "ಸಂಕ್ರಾಂತಿ ತನಕ ಸೂರ್ಯದೇವರೇ ಆ ಕಡೆ ನಿಂತಿರ್ತಾನೆ. ಯಮ ಅವನ ಮಗಾನೇ ತಾನೇ? ಅಪ್ಪ ಮಗನ ಮನೆ ಕಡೆ ಹೋಗ್ತಾನಪ್ಪ, ತಪ್ಪೇನು?"

ಶಾಸ್ತ್ರವನ್ನು ಇಷ್ಟು ಚೆನ್ನಾಗಿ ಹೇಳಿದ ಪಂಡಿತರನ್ನು ನಾನು ಇನ್ನೂ ಕಂಡಿಲ್ಲ. ಶಾರದಮ್ಮ ಒಳಗಿನಿಂದ ಕಾಫಿ ತಂದರು. ಅತ್ತೆ ಹೊಸಿಲೊಳಗೆ ಕೂತು ಕುಡಿದರು. ಸಂಜೆ ನಮ್ಮವರು ಫಾರಂ ತುಂಬುವಾಗ ಪಕ್ಕದಲ್ಲೇ ನಿಂತಿದ್ದರು.

"ಎಷ್ಟು ಜನ ಅಂತ ಬರೆದ್ಯೋ?"

"ನಾಲ್ಕು ಅಮ್ಮ. ನೀನು ವಿಜಯನಗರದಲ್ಲಿ ಅಣ್ಣನ ಮನೇಲಿ..."

"ಹೊಡೆದು ಹಾಕಿ ಐದು ಅಂತ ಬರಿ. ಅಲ್ಲಿ ಬ್ರಾಂದಿ ಕುಡಿಸ್ತಾರಂತೆ ಮಕ್ಳಿಗೆ. ನೋಡ್ಕೊಳ್ಳೋಕೆ ಒಬ್ರು ಬೇಡ್ವಾ?"

ಧೈರ್ಯದಿಂದ ಹೋದೆವೆಂದು ತಿಳಿಯಬೇಡಿ. ಏಪ್ರಿಲ್‌ನಲ್ಲಿ ಮೇಲೂರಿಗೆ ಹತ್ತುತ್ತಿದ್ದ ಬಸ್ಸಿನಲ್ಲಿ ಪ್ರತಿ ತಿರುವಿಗೂ ನಾನು ರವಿಯ ಎದೆಗೆ ಕಿವಿಯಿಟ್ಟು ಕೇಳುತ್ತಿದ್ದೆ. ಮಳೆಗಾಲದಲ್ಲಿ ಅವನಿಗೆ ಎರಡು ಸಲ ಉಬ್ಬಸ ಬಂತು. ಎಲ್ಲರನ್ನೂ ಇಲ್ಲಿಗೆ ಎಳೆದು ತಂದವಳು ನಾನು, ಮಗುವಿಗೆ ಏನಾದರೂ ಆದರೆ ಯಾರಿಗೆ ಮುಖ ತೋರಿಸಲಿ ಎಂದು ಅಡುಗೆಮನೆಯಲ್ಲಿ ಕೂತು ಕಣ್ಣೀರು ಹಾಕಿದೆ. ಅತ್ತೆ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಆಮೇಲೆ ಮಳೆ ನಿಂತಿತು, ಬಿಸಿಲು ಕಾಯಿತು, ಚಳಿ ದಿನದಿನಕ್ಕೆ ಏರಿತು. ನಾವು ಕಾದೆವು.

ಮೊದಲ ಹಿಮ ಬಿದ್ದ ಮರುದಿನ ಬೆಳಗ್ಗೆ ಎದ್ದು ನೋಡಿದರೆ ರವಿ ಮನೆಯಲ್ಲಿಲ್ಲ. ಬಾಗಿಲು ತೆರೆದಿತ್ತು. ಮನೆಯ ಹಿಂದಿನ ಏರಿನಲ್ಲಿ ಪುಟ್ಟ ಹೆಜ್ಜೆ ಗುರುತು ಮೇಲಕ್ಕೆ ಹೋಗಿದ್ದವು. ಎರಡು ಸ್ವೆಟರಿನ ಮೇಲೆ ಶಾಲು ಹೊದ್ದು ನಾನು ಹಿಂದೆ ಬಿದ್ದೆ. ಅವನು ಆಗಲೇ ಸೇಬಿನ ತೋಟದ ಬೇಲಿ ದಾಟಿದ್ದ. "ಓಡ್ಬೇಡ್ವೋ! ನಿಲ್ಲೋ ರವೀ!" ಎಂದು ಕೂಗಿದೆ. ಕೇಳಿಸಲಿಲ್ಲವೋ, ಕೇಳಿಸಿಯೂ ಓಡಿದನೋ. ಹತ್ತು ಹೆಜ್ಜೆ ಅಲ್ಲ, ನೂರು ಹೆಜ್ಜೆಯೂ ಅಲ್ಲ, ಏರು ಮುಗಿಯುವವರೆಗೂ ಓಡುತ್ತಲೇ ಹೋದ. ಅರ್ಧ ಏರಿನಲ್ಲಿ ನನ್ನ ಕೈಲಾಗಲಿಲ್ಲ. ಸೊಂಟಕ್ಕೆ ಕೈಕೊಟ್ಟು ನಿಂತು ಬಾಯಿ ತೆರೆದು ಉಸಿರೆಳೆದುಕೊಳ್ಳುತ್ತಿದ್ದೆ.

ಅವನು ತಿರುಗಿ ನೋಡಿ, ದಡದಡನೆ ಇಳಿದು ನನ್ನ ಹತ್ತಿರ ಬಂದ. ಕೆನ್ನೆ ಕೆಂಪಗಾಗಿದ್ದವು. ಬಗ್ಗಿ ನನ್ನ ಮುಖ ನೋಡಿದ.

"ಸುಸ್ತಾಯ್ತಾ ಅಮ್ಮ? ನೀನು ಇಲ್ಲೇ ಕೂತ್ಕೋ. ನಾನು ಇನ್ನೊಂದು ಸಲ ಮೇಲಕ್ಕೆ ಹೋಗಿ ಬಂದುಬಿಡ್ತೀನಿ" ಎಂದು ಹೇಳಿ, ನಾನು ಹೂಂ ಎನ್ನುವ ಮೊದಲೇ ಓಡಿದ.